ಬರೆದ ಭಾಷಣಕ್ಕೆ ಅಂಕ, ಆಡಿದ ಮಾತಿಗೆ?

2025ರ ದ್ವಿತೀಯ ಪಿಯುಸಿಯಲ್ಲಿ ಉಡುಪಿ ಶೇ. 93.90 ಫಲಿತಾಂಶದೊಂದಿಗೆ ರಾಜ್ಯಕ್ಕೇ ಮೊದಲು. ಹಾಗಾದರೆ ಇಲ್ಲಿನ ಮಕ್ಕಳಿಗೆಲ್ಲ ಇಂಗ್ಲಿಷ್ ಬರುತ್ತದೆ ಎನ್ನೋಣವೇ? ಆ ಅಂಕಿ ಅಷ್ಟು ಹೇಳಲಾರದು. ಇಂಗ್ಲಿಷಿನ ನೂರು ಅಂಕದಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಗದ್ಯ, ಪದ್ಯ, ವ್ಯಾಕರಣ, ಉದ್ಯೋಗದ ಅರ್ಜಿ ಎಲ್ಲವೂ ಹಾಳೆಯ ಮೇಲೆ; ತಮಾಷೆಯೆಂದರೆ, ಭಾಷಣವನ್ನೂ ಬರೆದೇ ತೋರಿಸಬೇಕು! ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡಿ, ಕನ್ನಡದಲ್ಲಿ ಓದಿ, ನಿಟ್ಟೆಯ ಎಂಜಿನಿಯರಿಂಗ್ ಕಾಲೇಜಿಗೆ ಬರುವ ಹುಡುಗಿಗೆ ಮೊದಲ ವಾರವೇ ಬೇಕಾಗುವುದು ಬೇರೆ: ಓಡುವ ಪಾಠವನ್ನು ಕಿವಿಯಲ್ಲಿ ಹಿಡಿಯುವುದು, ಅರ್ಥವಾಗದ್ದನ್ನು ಎದ್ದು ಕೇಳುವುದು. ಅದನ್ನು ಯಾರೂ ಅಳೆದಿರುವುದಿಲ್ಲ.

ಹಾಂಗ್‌ಕಾಂಗ್ ಅಳೆಯುತ್ತದೆ. 2012ರಲ್ಲಿ ಶುರುವಾದ ಅಲ್ಲಿನ ಶಾಲಾಂತ್ಯದ ಡಿಎಸ್‌ಇ ಪರೀಕ್ಷೆಯಲ್ಲಿ, ಕ್ಯಾಂಟನೀಸ್ ಮನೆಮಾತಿನ ಮಕ್ಕಳಿಗೆ ಓದು, ಬರಹ, ಆಲಿಸುವಿಕೆ, ಮಾತು ಹೀಗೆ ಇಂಗ್ಲಿಷಿನ ನಾಲ್ಕು ಪತ್ರಿಕೆ. ನಮ್ಮಲ್ಲಿ ಲಕ್ಷಾಂತರ ಮಕ್ಕಳನ್ನು ಮಾತಾಡಿಸುವುದು ಯಾರು ಎಂದು ಕೇಳಬಹುದು. ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯ 2011ರಿಂದ ಆ ಕೆಲಸವನ್ನು ಕಂಪ್ಯೂಟರಿಗೆ ವಹಿಸಿದೆ. ಮಾತಿನ ಪರೀಕ್ಷೆಯಲ್ಲಿ ಹಳ್ಳಿಯ ಮಕ್ಕಳು ಸೋಲುತ್ತಾರೆಂಬ ಆಕ್ಷೇಪ ಮಾತ್ರ ತೂಕದ್ದು. ಆದರೆ ಅವರು ಈಗಲೂ ಸೋಲುತ್ತಿದ್ದಾರೆ, ಕ್ಯಾಂಪಸ್ ಸಂದರ್ಶನದಲ್ಲಿ, ತಿದ್ದಿಕೊಳ್ಳಲು ಹೊತ್ತೇ ಉಳಿಯದಾಗ. ಪರೀಕ್ಷೆಗಿಲ್ಲದ್ದನ್ನು ತರಗತಿಯಲ್ಲಿ ಕಲಿಸುವವರು ವಿರಳ ತಾನೇ? ತುಳು ರಾಗದ ಇಂಗ್ಲಿಷಿಗೆ ಅಂಕ ಕಳೆಯಬಾರದು. ಹೇಳಿದ್ದು ಎದುರಿನವರಿಗೆ ತಿಳಿಯಿತೇ ಎಂಬುದಷ್ಟೇ ಅಳತೆಯಾಗಲಿ. ಆಂತರಿಕ 20ರಲ್ಲಿ ಹತ್ತನ್ನು ಮಾತಿಗಿಟ್ಟು, ಕಾರ್ಕಳದ ಮಕ್ಕಳನ್ನು ಕಾಪುವಿನ ಉಪನ್ಯಾಸಕರು, ಕಾಪುವಿನವರನ್ನು ಕಾರ್ಕಳದವರು ಮಾತಾಡಿಸಿದರೆ ಈ ವರ್ಷವೇ ಶುರುಮಾಡಬಹುದು.