ಧೋತರದ ಕಾಲಿಗೆ ಕಂಬಳಿಯ ಕಾವು

ಡಿಸೆಂಬರ್ ನಡುವಿಗೆ ಬಂತೆಂದರೆ ಬೀದರ್ ಜಿಲ್ಲೆಯ ಹಳ್ಳಿಖೇಡ (ಬಿ) ಸುತ್ತಿನ ಮುಂಜಾನೆಗಳಲ್ಲಿ ಥಂಡಿ ಹಲ್ಲು ಕಡಿಸುತ್ತದೆ. ತೊಗರಿ ಕಟ್ಟಿಗೆ ಒಟ್ಟಿ ಬೆಂಕಿ ಹಚ್ಚಿ ಕೈ ಕಾಸಿಕೊಳ್ಳುವವರಲ್ಲಿ ಹರೆಯದವರ ಮೈಮೇಲೆ ಜಾಕೆಟ್ಟು, ಪ್ಯಾಂಟು, ಮಂಕಿ ಕ್ಯಾಪು. ಹಿರಿಯರದು ಅದೇ ಬಿಳಿ ಧೋತರ, ತಲೆಗೆ ರುಮಾಲು. ಮೊಣಕಾಲ ಕೆಳಗಿನ ಮೀನಖಂಡ ಗಾಳಿಗೆ ಬಯಲಾಗಿರುತ್ತದೆ. ಇಷ್ಟು ತೆಳು ಅರಿವೆಯಲ್ಲಿ ಇವರು ಚಳಿಗಾಲ ಕಳೆಯುವುದು ಹೇಗೆ ಎಂದು ಹೊಸಬರಿಗೆ ಅನಿಸುವುದು ಸಹಜ.

ಇಲ್ಲಿಯ ಥಂಡಿ ಹಗುರವಾದದ್ದೇನಲ್ಲ. ರಾಜ್ಯದ ಹವಾಮಾನ ದಾಖಲೆಯಲ್ಲಿ ಅತಿ ಕಡಿಮೆ ಉಷ್ಣಾಂಶ ಎಂದು ನಮೂದಾಗಿರುವ 2.8 ಡಿಗ್ರಿ ಸೆಲ್ಸಿಯಸ್ ಬೀದರಿನದು. ದಿನಾಂಕ 1918ರ ಡಿಸೆಂಬರ್ 16. ಕಡಲು ದೂರ, ನೆಲ ಎತ್ತರ, ಗಾಳಿ ಒಣ. ಮೋಡವಿಲ್ಲದ ರಾತ್ರಿಯಲ್ಲಿ ನೆಲ ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಆದರೆ ಬಿಸಿಲೇರಿದ ಮೇಲೆ ಅದೇ ಹೊಲದಲ್ಲಿ ಬೆವರು ಹರಿಯುತ್ತದೆ. ನಸುಕಿನಲ್ಲಿ ಬೇಕೇ ಬೇಕಾದ ಹೊದಿಕೆ ಹನ್ನೊಂದು ಗಂಟೆಗೆ ಭಾರ. ಈ ಸೀಮೆಯ ಉಡುಪಿನ ಜಾಣತನ ಇರುವುದು ಇಲ್ಲೇ: ಕೆಳಗೆ ದಿನವಿಡೀ ಇರುವ ಹತ್ತಿಯ ಧೋತರ, ಮೇಲೆ ಬೇಕೆಂದಾಗ ಹೊದ್ದು ಬೇಡವೆಂದಾಗ ಹೆಗಲಿಗೆ ಹಾಕಿಕೊಳ್ಳುವ ಕರಿಕಂಬಳಿ.

ಕಾಲು ಮುಚ್ಚದ ಉಡುಪಿನಲ್ಲಿ ಕೊರೆಯುವ ಚಳಿ ಎದುರಿಸಿದ ಇನ್ನೊಂದು ಜನ ದೂರದ ಸ್ಕಾಟ್ಲೆಂಡಿನ ಗುಡ್ಡಗಾಡಿನವರು. ಅವರ ಕಿಲ್ಟ್ ಇಂದು ಮದುವೆಗೂ ಬ್ಯಾಂಡಿಗೂ ಉಡುವ ನಿರಿಗೆಯ ಲಂಗದಂತೆ ಕಾಣುತ್ತದೆ. ಮೊದಲು ಅದು ಹೊದಿಕೆಯೇ ಆಗಿತ್ತು. ಹಲವು ಮೀಟರ್ ಉದ್ದದ ಉಣ್ಣೆ ಬಟ್ಟೆಯನ್ನು ನಿರಿಗೆ ಹಿಡಿದು ಸೊಂಟಕ್ಕೆ ಸುತ್ತಿ ಪಟ್ಟಿ ಬಿಗಿಯುತ್ತಿದ್ದರು. ಉಳಿದರ್ಧವನ್ನು ಹೆಗಲ ಮೇಲೆ ತಂದು, ಮಳೆ ಬಂದರೆ ತಲೆಗೂ ಎಳೆದುಕೊಳ್ಳುತ್ತಿದ್ದರು. ರಾತ್ರಿ ಪಟ್ಟಿ ಬಿಚ್ಚಿದರೆ ಅದೇ ಹಾಸಿಗೆ, ಅದೇ ಹೊದಿಕೆ. ಗುಡ್ಡಗಾಡಿನವರ ದಂಗೆಯನ್ನು ಕಲೋಡೆನ್ ಕದನದಲ್ಲಿ ಮುರಿದ ಬ್ರಿಟಿಷ್ ಸರ್ಕಾರ 1746ರಲ್ಲೇ ಕಾಯಿದೆ ತಂದು, ಸೈನಿಕರನ್ನು ಬಿಟ್ಟು ಉಳಿದ ಗಂಡಸರು ಈ ಉಡುಪು ತೊಡದಂತೆ ಮಾಡಿತು. ಆ ಕಾಯಿದೆ ರದ್ದಾದದ್ದು 1782ರಲ್ಲಿ.

ಈಗಿನ ಕಿಲ್ಟಿಗೂ ಸುಮಾರು ಏಳು ಮೀಟರ್ ಉಣ್ಣೆ ಬಟ್ಟೆ ಹಿಡಿಯುತ್ತದೆ. ಹಿಂಬದಿಗೆ ಒತ್ತೊತ್ತಾಗಿ ನಿರಿಗೆ, ಮುಂದೆ ಒಂದರ ಮೇಲೊಂದು ಬರುವ ಎರಡು ಸೆರಗು. ಮೊಣಕಾಲ ಕೆಳಗಿನವರೆಗೆ ದಪ್ಪ ಉಣ್ಣೆಯ ಕಾಲುಚೀಲ. ಬಯಲಾಗುವುದು ಮೊಣಕಾಲೊಂದೇ. ನಿರಿಗೆಯ ಪದರಗಳ ನಡುವೆ ನಿಂತ ಗಾಳಿಯೇ ಅಲ್ಲಿ ಕಾವಲುಗಾರ: ಕದಲದ ಗಾಳಿ ಶಾಖವನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ.

ನೆನೆದಾಗ ಮಾತ್ರ ಲೆಕ್ಕ ತಪ್ಪುತ್ತದೆ. ಮೊದಲ ಮಹಾಯುದ್ಧದಲ್ಲಿ ಕಿಲ್ಟ್ ತೊಟ್ಟು ಫ್ರಾನ್ಸಿನ ಕಂದಕಗಳಲ್ಲಿ ನಿಂತ ಸ್ಕಾಟಿಷ್ ಸೈನಿಕರಿಗೆ ಇದು ನೋವಿನಿಂದಲೇ ತಿಳಿಯಿತು. ಕೆಸರುನೀರು ಕುಡಿದು ಭಾರವಾದ ನಿರಿಗೆಗಳು ರಾತ್ರಿ ಹೆಪ್ಪುಗಟ್ಟಿ, ನಡೆಯುವಾಗ ಅವುಗಳ ಅಂಚು ಮೊಣಕಾಲ ಹಿಂದಿನ ಚರ್ಮವನ್ನು ಕೊಯ್ಯುತ್ತಿತ್ತು. ನಿರಿಗೆಯ ಬೆಚ್ಚನೆಯ ಸಂದಿಗಳಲ್ಲಿ ಹೇನು ಮನೆ ಮಾಡಿದ್ದವು. ಎರಡನೆಯ ಮಹಾಯುದ್ಧದ ಆರಂಭದಲ್ಲಿ ಕಿಲ್ಟ್ ರಣರಂಗದ ಉಡುಪಿನಿಂದ ಹೊರಬಿತ್ತು.

ಹಳ್ಳಿಖೇಡ ಸೀಮೆಯ ಹೊಲಗಳಲ್ಲಿ ಹಿಮ ಬೀಳುವುದಿಲ್ಲ, ಇಬ್ಬನಿ ಬೀಳುತ್ತದೆ. ಬಿಳಿಜೋಳದ ಸಾಲಿನಲ್ಲೋ ಕಡಲೆ ಹೊಲದಲ್ಲೋ ನಸುಕಿನಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಧೋತರದ ಅಂಚು ತೊಯ್ದು ಮೀನಖಂಡಕ್ಕೆ ಅಂಟುತ್ತದೆ. ಹತ್ತಿ ನೀರು ಹಿಡಿದರೆ ಬಿಡುವುದು ತಡ, ಅಷ್ಟು ಹೊತ್ತೂ ಅದು ಮೈಯ ಕಾವನ್ನು ಹೀರುತ್ತಲೇ ಇರುತ್ತದೆ. ಅದಕ್ಕೇ ಅನುಭವಸ್ಥ ರೈತರು ಹೊಲಕ್ಕಿಳಿಯುವ ಮೊದಲು ಧೋತರವನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟುತ್ತಾರೆ. ನೋಡುವವರಿಗೆ ವಿಚಿತ್ರ ಎನಿಸಬಹುದು, ಆದರೆ ಒದ್ದೆ ಬಟ್ಟೆ ಸುತ್ತಿದ ಕಾಲಿಗಿಂತ ಬರಿಗಾಲು ಬೇಗ ಒಣಗಿ ಬೇಗ ಬೆಚ್ಚಗಾಗುತ್ತದೆ. ಮೇಲೆ, ಕಚ್ಚೆ ಹಾಕಿದ ನಾಲ್ಕು ಮೀಟರಿನಷ್ಟು ಬಟ್ಟೆ ಸೊಂಟ ತೊಡೆಗಳ ಸುತ್ತ ಹಲವು ಪದರವಾಗಿ ಕೂತಿರುತ್ತದೆ. ಲುಂಗಿಗೆ ಈ ಗುಣವಿಲ್ಲ. ಕೆಳಗಿನಿಂದ ನುಗ್ಗಿದ ಗಾಳಿ ಸೊಂಟದವರೆಗೆ ಹೋಗುತ್ತದೆ.

ಉಳಿದ ಕೆಲಸ ಕಂಬಳಿಯದು. ಅದನ್ನು ಉದ್ದಕ್ಕೆ ಎರಡು ಮಡಿಕೆ ಮಾಡಿ, ಒಂದು ತುದಿಯ ಮೂಲೆಗಳನ್ನು ಕೂಡಿಸಿ ಕಟ್ಟಿದರೆ ಕೊಪ್ಪೆಯಾಗುತ್ತದೆ. ತಲೆಗೆ ಸಿಕ್ಕಿಸಿಕೊಂಡರೆ ಬೆನ್ನ ಮೇಲಿಂದ ಮೊಣಕಾಲ ಹಿಂದಿನವರೆಗೂ ಇಳಿಬೀಳುತ್ತದೆ. ಬೆಂಕಿಯ ಮುಂದೆ ಕುಕ್ಕರಗಾಲಲ್ಲಿ ಕೂತರೆ ಕಾಲುಗಳೂ ಅದರೊಳಗೇ. ಉಣ್ಣೆಯ ಎಳೆ ಗುಂಗುರಾಗಿರುವುದರಿಂದ ಅದರಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ತನ್ನ ತೂಕದ ಮೂರನೇ ಒಂದರಷ್ಟು ತೇವವನ್ನು ಹೀರಿಕೊಂಡರೂ ಅದು ಒದ್ದೆ ಎನಿಸುವುದಿಲ್ಲ. ತೇವ ಹೀರುವಾಗ ತುಸು ಶಾಖವನ್ನೂ ಬಿಡುತ್ತದೆ. ಇಬ್ಬನಿಯ ಹೊಲದಲ್ಲಿ ರಾತ್ರಿ ಕಾವಲಿರುವ ಕುರಿಗಾಹಿಗೆ ಇದಕ್ಕಿಂತ ನಂಬಿಕೆಯ ಸಂಗಾತಿ ಇನ್ನೊಂದಿಲ್ಲ.

ಒಂದು ಕಂಬಳಿಯ ಹಿಂದಿನ ದುಡಿಮೆ ದೊಡ್ಡದು. ದಖನಿ ಕುರಿಯ ತುಪ್ಪಟ ಕತ್ತರಿಸಿ, ತೊಳೆದು, ಹಿಂಜಿ, ಚರಕದಲ್ಲಿ ನೂಲುತ್ತಾರೆ. ನೂಲುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಕುಣಿಮಗ್ಗಕ್ಕೇರಿಸುತ್ತಾರೆ. ಆ ಗಂಜಿಯಿಂದ ನೂಲಿಗೆ ಬಿಗಿ ಬರುತ್ತದೆ, ಹೊಸ ಕಂಬಳಿ ಮಳೆಹನಿಯನ್ನು ಬೇಗ ಒಳಗೆ ಬಿಡುವುದಿಲ್ಲ. ಹೊಸದರಲ್ಲಿ ಮೈಗೆ ಚುಚ್ಚುವುದೂ ನಿಜ. ರಾಜ್ಯದಲ್ಲಿ ಚಳ್ಳಕೆರೆ, ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿ ಈ ನೇಯ್ಗೆಗೆ ಹೆಸರಾದ ಊರುಗಳು. ಆದರೆ ಕುರಿ ಸಾಕುವವರಿಗೆ ಈಗ ದುಡ್ಡು ತರುವುದು ಮಾಂಸ. ದಖ್ಖನಿನಲ್ಲಿ ಉಣ್ಣೆಯಿಲ್ಲದ ನೆಲ್ಲೂರು ತಳಿಯ ಟಗರುಗಳ ಬೆರಕೆಯಿಂದ ಕರಿ ಉಣ್ಣೆ ಕಡಿಮೆಯಾಗುತ್ತಿದೆ, ಸಂತೆಗಳಲ್ಲಿ ಪಾಣಿಪತ್ತಿನ ಗಿರಣಿಗಳ ಅಗ್ಗದ ಹೊದಿಕೆ ತುಂಬಿದೆ. ಈ ನಷ್ಟವನ್ನು ಕೇವಲ ಹಳೆಯದರ ಮೇಲಿನ ಮೋಹ ಎಂದು ತಳ್ಳಿಹಾಕುವಂತಿಲ್ಲ. ಧೋತರ ಉಡುವ ಹಿರಿಯರ ತೊಡೆ ಮೊಣಕಾಲುಗಳಿಗೆ ಸೊಂಟದಲ್ಲೇ ನಿಲ್ಲುವ ಜಾಕೆಟ್ಟು ಏನೂ ಮಾಡದು.

ಚಳಿಗಾಲದಲ್ಲೇ ಇಲ್ಲಿ ಓಡಾಟವೂ ಹೆಚ್ಚು. ಮಾಣಿಕನಗರದ ದತ್ತ ಜಯಂತಿ, ಎಳ್ಳಮಾವಾಸ್ಯೆಗೆ ಭಜ್ಜಿ, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೋಗುವುದು, ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ. ರಾತ್ರಿ ಹೊರಗೆ ಉಳಿಯುವ ಹಿರಿಯರಿಗೆ ಮನೆಯವರು ಮಾಡಿಕೊಡಬೇಕಾದ ಏರ್ಪಾಡು ಸರಳ. ಧೋತರದೊಳಗೆ ಮೈಗಂಟುವ ಥರ್ಮಲ್ ಪೈಜಾಮ ಹಾಕಿದರೆ ಹೊರಗೆ ಕಾಣುವುದೂ ಇಲ್ಲ. ಮೊಣಕಾಲವರೆಗಿನ ಉಣ್ಣೆ ಕಾಲುಚೀಲ, ಕಟ್ಟೆಯ ಮೇಲೆ ಕೂರುವಾಗ ಕೆಳಗೊಂದು ಕೌದಿ, ಏಕೆಂದರೆ ತಣ್ಣನೆಯ ಕಲ್ಲು ಕೆಳಗಿನಿಂದ ಕಾವು ಎಳೆಯುತ್ತದೆ. ಧೋತರ ತೊಯ್ದರೆ ಕೂಡಲೇ ಬದಲಿಸಲು ಒಣ ಜೋಡಿ ಚೀಲದಲ್ಲಿರಲಿ. ಕೆಂಡದ ಒಲೆಯನ್ನು ಬಾಗಿಲು ಮುಚ್ಚಿದ ಕೋಣೆಯೊಳಗೆ ಇಟ್ಟು ಮಲಗಿಸುವುದು ಮಾತ್ರ ಬೇಡವೇ ಬೇಡ. ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಮನೆಯಲ್ಲಿ ಅಜ್ಜನ ಕಾಲದ ಕಂಬಳಿ ಇದ್ದರೆ ಬಿಸಿನೀರಿಗೆ ಹಾಕಬಾರದು, ಕುಗ್ಗುತ್ತದೆ. ಚೆನ್ನಾಗಿ ಝಾಡಿಸಿ, ಬಿಸಿಲಿಗೆ ಹಾಕಿ, ಒಣ ಬೇವಿನ ಸೊಪ್ಪಿನ ಜೊತೆ ಮಡಚಿಟ್ಟರೆ ಮುಂದಿನ ಚಳಿಗಾಲಕ್ಕೂ ಅದು ಕೆಲಸಕ್ಕೆ ಬರುತ್ತದೆ.