ಗದ್ದೆಯ ಗೊಬ್ಬರ, ಗಾಜಿನ ತೊಟ್ಟಿಯ ವಿಷ

ಮಾಕವಳ್ಳಿ ಊರಿನ ಸುತ್ತಿನ ಕಬ್ಬಿನ ತಾಕಿಗೆ ಹಾಕಿದ ಯೂರಿಯಾ ಮಣ್ಣಿನಲ್ಲಿ ಮೊದಲು ಅಮೋನಿಯಾ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟಿಗೆ ತಿರುಗಿಸುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಕಬ್ಬಿನ ಬೇರು ಈ ಕೊನೆಯದನ್ನೂ ಹೀರುತ್ತದೆ. ಪಡಸಾಲೆಯಲ್ಲಿಟ್ಟ ಎರಡು ಅಡಿಯ ಮೀನಿನ ತೊಟ್ಟಿಯಲ್ಲೂ ನಡೆಯಬೇಕಾದದ್ದು ಇದೇ ಕೆಲಸ. ಮೀನು ತನ್ನ ಮೈಯ ಸಾರಜನಕದ ಕಸವನ್ನು ಬಹುಪಾಲು ಕಿವಿರುಗಳ ಮೂಲಕ ಅಮೋನಿಯಾ ಆಗಿಯೇ ಹೊರಬಿಡುತ್ತದೆ. ಹೇಮಾವತಿ ಹೊಳೆಯಲ್ಲಾದರೆ ಹರಿವು ಅದನ್ನು ಕೊಚ್ಚಿಕೊಂಡು ಹೋಗುತ್ತದೆ. 54 ಲೀಟರಿನ ಗಾಜಿನ ತೊಟ್ಟಿಯಲ್ಲಿ ಅದು ಅಲ್ಲೇ ಉಳಿದು ಅದೇ ಕಿವಿರನ್ನು ಸುಡುತ್ತದೆ. ಹೊಸ ತೊಟ್ಟಿಯ ಮೀನು ಹದಿನೈದೇ ದಿನಕ್ಕೆ ಸತ್ತಾಗ 'ಮೀನು ಸಾಕೋದು ನಮಗೆ ಆಗಿಬರಲ್ಲ' ಎನ್ನುವವರಿದ್ದಾರೆ. ಆಗಿಬರದೇ ಹೋದದ್ದು ಮೀನಲ್ಲ. ಆ ತೊಟ್ಟಿಯಲ್ಲಿ ಇನ್ನೂ ಹುಟ್ಟದ ಬ್ಯಾಕ್ಟೀರಿಯಾ.

ಗದ್ದೆ ಮತ್ತು ತೊಟ್ಟಿಯ ಈ ನಂಟು ಒಂದೇ ಮನೆತನದಲ್ಲಿ ಬೆಳಕಿಗೆ ಬಂದದ್ದು ವಿಜ್ಞಾನ ಚರಿತ್ರೆಯ ಸೊಗಸಾದ ಸಂಗತಿ. ಇಂಗ್ಲೆಂಡಿನ ರಾಬರ್ಟ್ ವಾರಿಂಗ್‌ಟನ್ 1850ರ ಹೊತ್ತಿಗೆ ಎರಡು ಪುಟ್ಟ ಚಿನ್ನದ ಮೀನು, ವ್ಯಾಲಿಸ್ನೇರಿಯಾ ಗಿಡ ಮತ್ತು ಬಸವನಹುಳುಗಳನ್ನು ಒಂದೇ ಪಾತ್ರೆಯಲ್ಲಿ ಬಾಳಿಸಿ, ಗಿಡ ಆಮ್ಲಜನಕ ಕೊಡುವುದನ್ನೂ ಹುಳು ಕೊಳೆತ ಎಲೆಯನ್ನು ತಿನ್ನುವುದನ್ನೂ ವಿವರಿಸಿದ. ಅದೇ ಹೆಸರಿನ ಅವನ ಮಗ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮಣ್ಣನ್ನು ಪರೀಕ್ಷಿಸಿ, ಅಮೋನಿಯಾ ನೈಟ್ರೇಟ್ ಆಗುವುದು ಎರಡು ಹಂತದಲ್ಲಿ, ಎರಡು ಬೇರೆ ಜೀವಿಗಳಿಂದ ಎಂದು ತೋರಿಸಿದ. ಅಪ್ಪನ ತೊಟ್ಟಿಗೆ ಬೇಕಿದ್ದ ವಿವರಣೆ ಮಗನ ಹೊಲದಲ್ಲಿ ಸಿಕ್ಕಿತು. 2015ರಲ್ಲಿ ಕಥೆ ಇನ್ನಷ್ಟು ಬೆಳೆಯಿತು: ಎರಡೂ ಹಂತಗಳನ್ನು ಒಂಟಿಯಾಗಿ ಮುಗಿಸುವ ನೈಟ್ರೋಸ್ಪೈರಾ ಬ್ಯಾಕ್ಟೀರಿಯಾ ಪತ್ತೆಯಾಯಿತು, ಅದೂ ಮೀನು ಸಾಕುವ ವ್ಯವಸ್ಥೆಯೊಂದರ ಶೋಧಕದಲ್ಲಿ.

ಆದ್ದರಿಂದ ತೊಟ್ಟಿ ಕಟ್ಟುವುದೆಂದರೆ ಮೊದಲು ನೆಲ ಹದ ಮಾಡುವುದು. ಜಲ್ಲಿ ಹಾಸಿ, ಸ್ಪಂಜಿನ ಫಿಲ್ಟರು ಓಡಿಸಿ, ದಿನವೂ ಚಿಟಿಕೆ ಆಹಾರ ಉದುರಿಸುತ್ತ ನಾಲ್ಕರಿಂದ ಆರು ವಾರ ಕಾಯಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿದ ಮೇಲೆ ಒಂದೆರಡು ಮೀನು ಬಿಡಬಹುದು. ಹಳೆಯ, ಆರೋಗ್ಯವಾದ ತೊಟ್ಟಿಯ ಸ್ಪಂಜಿನ ತುಂಡೊಂದು ಸಿಕ್ಕರೆ ಈ ಕಾಯುವಿಕೆ ಬಹಳ ಕಡಿಮೆಯಾಗುತ್ತದೆ, ಮೊಸರಿಗೆ ಹೆಪ್ಪು ಬಿಟ್ಟ ಹಾಗೆ. 'ಅಷ್ಟೆಲ್ಲ ಯಾಕೆ, ವಾರಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ ತೊಳೆದರಾಯಿತಲ್ಲ?' ಎಂಬ ಆಕ್ಷೇಪಕ್ಕೆ ಮೇಲುನೋಟದ ಬಲವಿದೆ. ಚೆಲ್ಲಿದ ನೀರಿನ ಜೊತೆ ಅಮೋನಿಯಾ ಹೋಗುವುದು ನಿಜ. ಆದರೆ ಮೀನು ಅದನ್ನು ಬಿಡುವುದು ನಿಲ್ಲದು, ಮತ್ತೆ ತುಂಬಿಕೊಳ್ಳುತ್ತದೆ. ಬ್ಯಾಕ್ಟೀರಿಯಾ ನೀರಿನಲ್ಲಿ ತೇಲುವುದಕ್ಕಿಂತ ಜಲ್ಲಿಗೆ, ಸ್ಪಂಜಿಗೆ ಅಂಟಿ ಬದುಕುತ್ತವೆ; ಬ್ಲೀಚಿಂಗ್ ಪುಡಿ ಬೆರೆತ ನಲ್ಲಿ ನೀರಿನಲ್ಲಿ ಸ್ಪಂಜನ್ನು ಉಜ್ಜಿ ತೊಳೆದರೆ ಆರು ವಾರದ ಬೆಳೆ ಐದು ನಿಮಿಷದಲ್ಲಿ ಹಾಳು. ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಮೆಲ್ಲಗೆ ಹಿಂಡಿದರೆ ಸಾಕು.

ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಇಲ್ಲ, ಹಾಗಾಗಿ ಭಯವಿಲ್ಲ ಎನ್ನುವುದು ಅರ್ಧ ಸತ್ಯ. ಅಮೋನಿಯಾದ ವಿಷ ನೀರಿನ ಪಿಎಚ್ ಮೇಲೆ ನಿಂತಿದೆ. 25 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಪಿಎಚ್ 7 ಇದ್ದರೆ ಅಮೋನಿಯಾದ ಸುಮಾರು ಶೇಕಡಾ 0.6 ಮಾತ್ರ ವಿಷಕಾರಿ ರೂಪದಲ್ಲಿರುತ್ತದೆ. ಪಿಎಚ್ 8ಕ್ಕೆ ಏರಿದರೆ ಶೇಕಡಾ 5 ದಾಟುತ್ತದೆ. ತಿಂಗಳುಗಟ್ಟಲೆ ಮರೆತ ತೊಟ್ಟಿಯ ನೀರು ಹುಳಿಯಾಗಿ, ಪಿಎಚ್ ಇಳಿದಿರುತ್ತದೆ. ಅದಕ್ಕೆ ಒಮ್ಮೆಲೇ ಅರ್ಧ ತೊಟ್ಟಿ ಬೋರಿನ ಗಡಸು ನೀರು ಸುರಿದರೆ ಪಿಎಚ್ ಏರಿ, ಅಷ್ಟು ದಿನ ಸುಮ್ಮನಿದ್ದ ಅಮೋನಿಯಾ ಸಂಜೆಯೊಳಗೆ ವಿಷವಾಗಬಹುದು. ಒಳ್ಳೆಯ ನೀರು ಹಾಕಿದ ದಿನವೇ ಮೀನು ಸಾಯುವುದರ ಗುಟ್ಟುಗಳಲ್ಲಿ ಇದೂ ಒಂದು. ವಾರಕ್ಕೆ ಕಾಲು ಭಾಗ ನೀರು ಬದಲಿಸುವುದು, ತಪ್ಪದೆ: ಸಾಮಾನ್ಯವಾಗಿ ಒಳ್ಳೆಯ ಕ್ರಮ ಇದೇ.

ಬೆಟ್ಟಾ ಮೀನು ಬಾಟಲಿಯಲ್ಲೂ ಬದುಕುತ್ತದಲ್ಲ ಎಂಬ ಮಾತೂ ಉಂಟು. ಅದು ಗಾಳಿಯನ್ನೇ ನುಂಗಿ ಉಸಿರಾಡಬಲ್ಲದು, ಆದ್ದರಿಂದ ಆಮ್ಲಜನಕದ ಕೊರತೆಯನ್ನು ತಡೆದುಕೊಳ್ಳುತ್ತದೆ. ಆದರೆ ಅಮೋನಿಯಾ ಅದರ ಕಿವಿರನ್ನೂ ಬಿಡುವುದಿಲ್ಲ. ನೀರು ಕಡಿಮೆಯಾದಷ್ಟೂ ವಿಷ ಬೇಗ ಗಟ್ಟಿಯಾಗುತ್ತದೆ. ಹೊಸಬರಿಗೆ ಚಿಕ್ಕ ಬೋಗುಣಿಗಿಂತ ದೊಡ್ಡ ತೊಟ್ಟಿಯೇ ಸುಲಭ. ಸಾಕಿ ಸಾಕಾದ ಮೀನನ್ನು ಮಾತ್ರ ನಾಲೆಗೋ ಕೆರೆಗೋ ಬಿಡಬಾರದು. ಅಂಗಡಿಯ ಮೀನುಗಳಲ್ಲಿ ಹೆಚ್ಚಿನವು ಪರದೇಶದವು, ಕಾವೇರಿ ಕಣಿವೆಯ ಮೀನುಗಳ ಪಾಲಿನ ಅನ್ನ ಕಸಿಯಬಲ್ಲವು.

ವಾರವಾರ ತೆಗೆದ ಕಾಲು ಭಾಗದ ನೀರಿನಲ್ಲಿ ಈಗ ನೈಟ್ರೇಟ್ ಇದೆ, ಕಬ್ಬಿನ ಬೇರು ಹೀರುವ ಅದೇ ನೈಟ್ರೇಟ್. ನೈಟ್ರೈಟಿನ ವಿಷ ತಗ್ಗಿಸಲೆಂದು ತೊಟ್ಟಿಗೆ ಉಪ್ಪು ಹಾಕಿರದಿದ್ದರೆ, ಆ ನೀರನ್ನು ಕರಿಬೇವಿನ ಬುಡಕ್ಕೆ ಹೊಯ್ಯಬಹುದು.