ಹೊಗೆ ನಿಂತರೂ ನಿಲ್ಲದ ದಮ್ಮು

ಊರಿನ ಮನೆಗೆ ಗ್ಯಾಸ್ ಬಂದು ಹತ್ತು ವರ್ಷವಾಗಿದೆ. ಸೌದೆ ಒಲೆ ಮೂಲೆ ಸೇರಿದೆ. ಆದರೂ ಅಜ್ಜಿಗೆ ಬೆಳಗಿನ ಕೆಮ್ಮು, ಕಫ, ನಾಲ್ಕು ಮೆಟ್ಟಿಲು ಹತ್ತಿದರೆ ದಮ್ಮು. ‘ವಯಸ್ಸಾಯ್ತಲ್ಲ, ಇದೆಲ್ಲ ಇದ್ದದ್ದೇ’ ಅಂತ ಮನೆಯವರು ಸುಮ್ಮನಾಗುತ್ತಾರೆ. ಬೀಡಿ, ಸಿಗರೇಟು ಮುಟ್ಟದವರಿಗೆ ಶ್ವಾಸಕೋಶದ ಕಾಯಿಲೆ ಎಲ್ಲಿಂದ ಬರಬೇಕು ಅನ್ನೋದು ನಮ್ಮ ಲೆಕ್ಕ.

ಆ ಲೆಕ್ಕ ಸರಿಯಿಲ್ಲ. ಅದು ಸಿಒಪಿಡಿ ಇರಬಹುದು. ಹೊಗೆ ನಿಂತ ಮೇಲೂ ಕಾಯಿಲೆ ಯಾಕೆ ಬಿಡೋದಿಲ್ಲ ಅಂತ ಕೇಳಿದರೆ, ನಮ್ಮನ್ನು ಕಾಯಬೇಕಾದ ಬಿಳಿ ರಕ್ತಕಣಗಳ ಕಡೆಗೇ ಬೆರಳು ತೋರಿಸಬೇಕಾಗುತ್ತದೆ.

ಶ್ವಾಸಕೋಶದ ತುದಿಯಲ್ಲಿ ಗಾಳಿ ತುಂಬುವ ಕೋಟಿಗಟ್ಟಲೆ ಪುಟ್ಟ ಗೂಡುಗಳಿವೆ. ಅಲ್ಲಿ ಮ್ಯಾಕ್ರೋಫೇಜ್ ಎಂಬ ಕಣಗಳು ಮನೆ ಗುಡಿಸುವವರ ಹಾಗೆ ಓಡಾಡುತ್ತ ಧೂಳು, ರೋಗಾಣು ಎಲ್ಲವನ್ನೂ ನುಂಗಿಹಾಕುತ್ತವೆ. ವರ್ಷಗಟ್ಟಲೆ ಹೊಗೆ ಕುಡಿದರೆ ಇವುಗಳ ಸಂಖ್ಯೆ ಹೆಚ್ಚುತ್ತದೆ, ಕೆಲಸ ಮಾತ್ರ ಕೆಡುತ್ತದೆ. ಬ್ಯಾಕ್ಟೀರಿಯಾ ನುಂಗುವುದು ಕಡಿಮೆ, ‘ಸಹಾಯಕ್ಕೆ ಬನ್ನಿ’ ಎಂದು ರಾಸಾಯನಿಕ ಸಂದೇಶ ಕಳಿಸುವುದು ಜಾಸ್ತಿ. ಆ ಕರೆ ಕೇಳಿ ರಕ್ತದಿಂದ ನ್ಯೂಟ್ರೋಫಿಲ್‌ಗಳು ದಂಡು ದಂಡಾಗಿ ಬರುತ್ತವೆ. ಅವುಗಳ ಆಯುಧ ಇಲಾಸ್ಟೇಸ್ ಎಂಬ ಕಿಣ್ವ. ರೋಗಾಣುವನ್ನು ಕೊಲ್ಲಲು ಅದು ಬೇಕೇ ಬೇಕು. ಆದರೆ ಗಾಳಿಗೂಡಿನ ಗೋಡೆಯನ್ನು ರಬ್ಬರಿನಂತೆ ಹಿಗ್ಗಿಸಿ ಕುಗ್ಗಿಸುವ ಇಲಾಸ್ಟಿನ್ ನಾರನ್ನೂ ಅದು ಕತ್ತರಿಸಿಬಿಡುತ್ತದೆ. ಗೋಡೆ ಒಡೆದು ನಾಲ್ಕಾರು ಗೂಡು ಒಂದಾದರೆ ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರೋದಿಲ್ಲ. ದಮ್ಮು ಕಟ್ಟುವುದು ಹೀಗೆ. ಒಡೆದ ಗೋಡೆಯನ್ನು ಮತ್ತೆ ಕಟ್ಟುವ ಔಷಧಿ ಇನ್ನೂ ಬಂದಿಲ್ಲ.

ಈ ಕಿಣ್ವದ ಮೇಲೆ ಅನುಮಾನ ಹುಟ್ಟಿಸಿದ್ದು 1963ರಲ್ಲಿ ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್ ಕಂಡ ಒಂದು ಸಂಗತಿ. ಸುಮಾರು 1500 ರಕ್ತದ ಮಾದರಿಗಳಲ್ಲಿ ಐದರಲ್ಲಿ ಒಂದು ಪ್ರೋಟೀನೇ ಕಾಣಲಿಲ್ಲ. ಆ ಐವರಲ್ಲಿ ಮೂವರಿಗೆ ಶ್ವಾಸಕೋಶ ಹಾಳಾಗಿತ್ತು. ಇಲಾಸ್ಟೇಸ್‌ಗೆ ಲಗಾಮು ಹಾಕುವ ಪ್ರೋಟೀನ್ ಅದು ಅಂತ ಆಮೇಲೆ ಗೊತ್ತಾಯಿತು. ಹುಟ್ಟಿನಿಂದಲೇ ಅದು ಇಲ್ಲದವರು ನಮ್ಮಲ್ಲಿ ಅಪರೂಪ. ಆದರೆ ಇದ್ದವರಲ್ಲೂ ಸಿಗರೇಟಿನ ಹೊಗೆ ಅದನ್ನು ದುರ್ಬಲಗೊಳಿಸುತ್ತದೆ.

ಇದರ ಜೊತೆಗೆ ಸಿಡಿ8 ಎಂಬ ಟಿ ಕಣಗಳೂ ಶ್ವಾಸನಾಳದ ಗೋಡೆಯಲ್ಲಿ ಬೀಡುಬಿಡುತ್ತವೆ. ಸಿಗರೇಟು ಬಿಟ್ಟು ವರ್ಷಗಳಾದ ಮೇಲೂ ಅನೇಕರಲ್ಲಿ ಈ ಉರಿಯೂತ ಆರಿರುವುದಿಲ್ಲ. ಹಾಗಂತ ಬಿಟ್ಟು ಪ್ರಯೋಜನವಿಲ್ಲ ಅಂದುಕೊಳ್ಳಬೇಡಿ. ಬಿಟ್ಟವರಲ್ಲಿ ಶ್ವಾಸಕೋಶ ಸವೆಯುವ ವೇಗ ಸ್ಪಷ್ಟವಾಗಿ ಇಳಿಯುತ್ತದೆ.

ಅಜ್ಜಿಯ ಒಲೆಯ ಹೊಗೆಗೂ ಒಂದು ಲೆಕ್ಕವಿದೆ. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ, ಎಷ್ಟು ವರ್ಷ, ಎರಡನ್ನೂ ಗುಣಿಸಿ. ಮೈಸೂರು ಜಿಲ್ಲೆಯ ಹಳ್ಳಿಗಳ ಮಹಿಳೆಯರ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ಸಂಖ್ಯೆ 60 ಮುಟ್ಟಿದರೆ ದೀರ್ಘಕಾಲದ ಬ್ರಾಂಕೈಟಿಸ್‌ನ ಅಪಾಯ ಗಣನೀಯವಾಗಿ ಏರುತ್ತದೆ ಎಂದಿತು. ದಿನಕ್ಕೆ 4 ಗಂಟೆಯಂತೆ 15 ವರ್ಷ ಅಡುಗೆ ಮಾಡಿದರೆ 60 ಆಗೇ ಹೋಯಿತು. ನಮ್ಮ ಅಜ್ಜಿಯಂದಿರ ಲೆಕ್ಕ ನೂರರ ಮೇಲೇ ಇದ್ದೀತು!

ಪತ್ತೆಗೆ ಎಕ್ಸ್‌ರೇ ಸಾಲದು. ಸ್ಪೈರೋಮೆಟ್ರಿ, ಅಂದರೆ ಕೊಳವೆಯೊಳಗೆ ಜೋರಾಗಿ ಊದುವ ಪರೀಕ್ಷೆ ಮಾಡಿಸಿ. ಸಾಮಾನ್ಯ ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಇಯೊಸಿನೊಫಿಲ್ ಎಂಬ ಇನ್ನೊಂದು ಬಿಳಿ ಕಣದ ಎಣಿಕೆಯನ್ನೂ ನೋಡಿ. ಅದು 300 ದಾಟಿದವರಿಗೆ ಸ್ಟೀರಾಯ್ಡ್ ಇರುವ ಇನ್ಹೇಲರ್‌ನಿಂದ ಹೆಚ್ಚು ಲಾಭ. 100ಕ್ಕಿಂತ ಕಡಿಮೆ ಇದ್ದರೆ ಲಾಭ ಅಷ್ಟಕ್ಕಷ್ಟೇ, ನ್ಯುಮೋನಿಯಾ ಅಪಾಯ ಮಾತ್ರ ಉಳಿಯುತ್ತದೆ. ಹೊಟ್ಟೆಯಲ್ಲಿ ಜಂತುಹುಳು ಇದ್ದರೂ ಈ ಎಣಿಕೆ ಏರುತ್ತದೆ. ಹಾಗಾಗಿ ರಿಪೋರ್ಟ್ ನೋಡಿ ನೀವೇ ಇನ್ಹೇಲರ್ ಕೊಂಡು ಊರಿಗೆ ಕಳಿಸಬೇಡಿ, ಅಜ್ಜಿಯನ್ನೇ ಒಮ್ಮೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.